ಕಲ್ಯಾಣದವರೆಗೂ ಬಂದ ಮದುಮಗಳು

ಸಾನಪಾಡಾದ ವಿನೋದಾ ತಮ್ಮ ಮಹಿಳಾ ಮಂಡಳಿಯ ನಾಟಕಗಳನ್ನೆಲ್ಲ ವರ್ಷಗಳಿಂದ ವಿಡಿಯೋ ಮಾಡಿಟ್ಟವರು. ಫೋನು ತುಂಬಿದರೂ ಅಳಿಸಲು ಮನಸ್ಸು ಬಾರದೆ, ಕೊನೆಗೆ ಮನೆಯ ವೈಫೈಗೆ ಜೋಡಿಸುವ ದೊಡ್ಡ ಸ್ಟೋರೇಜ್ ಡ್ರೈವ್ ಒಂದನ್ನು ತಂದು ಟಿವಿಯ ಪಕ್ಕದಲ್ಲಿಟ್ಟರು. ತಾವು ಎಲ್ಲಿದ್ದರೂ ಅದರಲ್ಲಿರುವುದು ಫೋನಿನಲ್ಲಿ ಕಾಣಬೇಕೆಂಬುದು ಅವರ ಆಸೆ.

ಸೆಟ್ಟಿಂಗ್ ಮುಗಿಸಿ ಗೇಟಿನಾಚೆ ಹೋದರೆ ಏನೂ ತೆರೆಯಲಿಲ್ಲ. ಮರಳಿ ಬಂದು ನೋಡಿದರೆ, ಹೊರಗಿನಿಂದ ನೋಡಲು ಅನುಮತಿ ಕೊಡುವ ಗುಂಡಿಯನ್ನೇ ಒತ್ತಿರಲಿಲ್ಲ. ಒತ್ತಿದರು. ಈ ಸಲ ಗೇಟಿನಾಚೆಯೂ ತೆರೆಯಿತು, ಸ್ಟೇಷನ್ನಿನಲ್ಲೂ ತೆರೆಯಿತು. ಆ ಖುಷಿಯಲ್ಲಿ ಠಾಣೆಗೆ ಹೋಗುವ ಲೋಕಲ್ ರೈಲು ಹತ್ತಿಯೇ ಬಿಟ್ಟರು.

"ಕೇಳಿತಾ, ರಬಾಳೆಯಲ್ಲೂ ಬರ್ತಾ ಉಂಟು!" ಎಂದು ಗಂಡ ಸರ್ವೋತ್ತಮರಿಗೆ ಫೋನು ಮಾಡಿದರು.

"ಇಲ್ಲಿ ಡ್ರೈವಿನ ಲೈಟು ಕುಣೀತಾ ಉಂಟು ಮಾರಾಯ್ತಿ! ಇನ್ನೂ ಮುಂದೆ ಹೋಗು!"

ಠಾಣೆಯಲ್ಲಿ ಗಾಡಿ ಬದಲಿಸಿದರು. ಡೊಂಬಿವಲಿ ಬರುವಷ್ಟರಲ್ಲಿ ಲೇಡೀಸ್ ಡಬ್ಬಿಯ ಹೆಂಗಸರೆಲ್ಲ ಅವರ ಫೋನಿನ ಮೇಲೆ ಬಗ್ಗಿದ್ದರು. ಒಂದು ನಾಟಕದಲ್ಲಿ ನಟಿಯೊಬ್ಬಳು ಕೈಕೊಟ್ಟಿದ್ದರಿಂದ ಸೀರೆಯುಟ್ಟು ಮದುಮಗಳಾಗಿದ್ದ ಸರ್ವೋತ್ತಮರು, ಆ ವಿಡಿಯೋದಲ್ಲಿ ನೆರಿಗೆ ಎಡವಿ ಪುರೋಹಿತರ ಮಡಿಲಿಗೆ ಬೀಳುತ್ತಿದ್ದರು. "ಪುನ್ಹಾ ಲಾವಾ, ಕಾಕೂ!" ಎಂದು ಒಬ್ಬಳು ಕೂಗಿದಳು. ಇನ್ನೊಮ್ಮೆ ಹಾಕಬೇಕಂತೆ.

ಕಲ್ಯಾಣದಲ್ಲಿ ಇಳಿದಾಗ ನಕ್ಕು ನಕ್ಕು ವಿನೋದಾರ ಹೊಟ್ಟೆ ನೋಯುತ್ತಿತ್ತು. ಬೈಗುಳ ಖಂಡಿತವೆಂದುಕೊಂಡೇ ಗಂಡನಿಗೆ ಫೋನು ಮಾಡಿ ಎಲ್ಲ ಹೇಳಿದರು.

"ಬಿದ್ದದ್ದು ಮಾತ್ರ ತೋರಿಸಿದ್ದಾ? ವಾಪಸ್ ಬರುವಾಗ ಎರಡನೇ ಅಂಕವನ್ನೂ ಹಾಕು ಮಾರಾಯ್ತಿ. ನಾನು ಅಳುವುದು ಅದರಲ್ಲಿ ಭಾರೀ ಚಂದ ಬಂದಿದೆ!"