ಎರಕದವರು, ಲೇತಿನವರು ಮತ್ತು ಅಕ್ಕನ ಹೇರ್ ಡ್ರೈಯರ್

ದಾಂಡೇಲಿಯ ಒಂದು ಸೈಬರ್ ಕೆಫೆ. ಎರಡನೇ ಗೂಡಿನಲ್ಲಿ ಕಾಮತರು, ಮೂರನೇ ಗೂಡಿನಲ್ಲಿ ಪಾಟೀಲ ಸರ್. ನಡುವೆ ಒಂದು ಪ್ಲೈವುಡ್ ಹಲಗೆ. ಕಾಮತರು ಟಪಟಪ ಟೈಪ್ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಹಲಗೆಯ ಆಚೆಯಿಂದ "ಹುಂ!" ಎಂದು ಕೇಳಿಸುತ್ತದೆ. ಆಮೇಲೆ ಆಚೆ ಟಪಟಪ. ಈಚೆ "ಛೇ!"

ಏನು ನಡೆಯುತ್ತಿದೆ ಅಂದುಕೊಂಡಿರಿ? ಚರ್ಚೆ. ಇಬ್ಬರೂ ಇಂಟರ್‌ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಪತ್ರ ಬರೆಯುತ್ತಿದ್ದಾರೆ. ಆ ಪತ್ರ ಸಮುದ್ರ ದಾಟಿ, ಯಾವುದೋ ದೇಶದ ಯಾವುದೋ ಕಂಪ್ಯೂಟರಿಗೆ ಹೋಗಿ, ವಾಪಸು ಬಂದು, ಹಲಗೆಯ ಆಚೆ ಇಳಿಯುತ್ತದೆ.

"ದಿನಾ ಬಾಜೂ ಬಾಜೂ ಕುಂತು ಜಗಳಾ ಆಡ್ತಾರ ನೋಡ್ರಿ ಮೇಡಂ. ಬಾಯಿ ಮಾತ್ರ ಬಂದ್," ಎಂದು ಕೆಫೆಯ ಮಾಲೀಕ ಇಮ್ತಿಯಾಜ್ ನನ್ನ ಕಿವಿಯಲ್ಲಿ ಉಸುರಿದ. "ಹಲಗಿ ತೆಗೆದುಬಿಡ್ಲೇನ್ರೀ ಅಂತ ಒಮ್ಮಿ ಕೇಳಿದ್ದೆ. ಇಬ್ರೂ ಕೂಡೇ ಬ್ಯಾಡ ಅಂದ್ರು. ಅದೊಂದ್ರಾಗ ಮಾತ್ರ ಒಮ್ಮತ ಐತ್ರಿ."

ನಾನು ಅಲ್ಲಿಗೆ ಹೋಗಿದ್ದು ನನ್ನ ಭಾವನ ಕಾಲು ಉಳಿಸಲಿಕ್ಕೆ. ನಗಬೇಡಿ. ಪೂರ್ತಿ ಕೇಳಿ.

ಭಾವ ಹೊಟ್ಟೆಪಾಡಿಗೆ ಗುಮಾಸ್ತರು, ಜೀವಕ್ಕೆ ಕಮ್ಮಾರರು. ಹಿತ್ತಿಲಲ್ಲಿ ಒಂದು ಹಳೇ ಪೇಂಟ್ ಬಕೆಟ್ಟಿಗೆ ಒಳಗಿನಿಂದ ಜೇಡಿಮಣ್ಣು ಮೆತ್ತಿ ಕುಲುಮೆ ಮಾಡಿದ್ದಾರೆ. ಅದರಲ್ಲಿ ಇದ್ದಿಲು ಹಾಕಿ, ಹಳೇ ನಲ್ಲಿಗಳ ಹಿತ್ತಾಳೆ ಕರಗಿಸುತ್ತಾರೆ. ಗಾಳಿ ಊದಲಿಕ್ಕೆ ಏನು? ನನ್ನ ಅಕ್ಕನ ಹೇರ್ ಡ್ರೈಯರ್. (ಮದುವೆಯಲ್ಲಿ ಅವಳ ಗೆಳತಿ ಕೊಟ್ಟದ್ದು. ಅದು ಅವಳ ಕೂದಲಿಗಿಂತ ಹಿತ್ತಾಳೆಯನ್ನೇ ಹೆಚ್ಚು ಕಂಡಿದೆ.) ದಾಂಡೇಲಿಗೆ ಬರುತ್ತಿದ್ದ ಪ್ಯಾಸೆಂಜರ್ ರೈಲು ನಿಂತು ಕಾಲವಾಯಿತಲ್ಲ, ಅದರದೊಂದು ಮೊಳದುದ್ದದ ಮಾದರಿ ಮಾಡುವುದು ಭಾವನ ಕನಸು. ಎಂಜಿನ್ ಆಗಿದೆ. ಈಗ ಚಕ್ರ ಬಾಕಿ.

ಇಂಥ ಹುಚ್ಚಿನವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಮುಂಡಗೋಡಿನಲ್ಲಿ ಗಂಟೆ ಎರಕ ಹೊಯ್ಯುವ ಒಬ್ಬ ಡಾಕ್ಟರರು, ಜೋಯಿಡಾದಲ್ಲಿ ಚಾಕು ಬಡಿಯುವ ಒಬ್ಬ ಅರಣ್ಯ ಇಲಾಖೆಯವರು. ಇವರೆಲ್ಲ ಸೇರಿ ಇಂಟರ್‌ನೆಟ್ಟಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಹೆಸರು 'ಲೋಹಮಿತ್ರ'. ಒಬ್ಬರು ಕೇಳಿದ್ದು ಎಲ್ಲರ ಮೇಲ್ ಡಬ್ಬಿಗೂ ಬರುತ್ತದೆ, ಬಲ್ಲವರು ಉತ್ತರ ಕೊಡುತ್ತಾರೆ. ಒಳ್ಳೆಯ ಏರ್ಪಾಟು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಅಂದರೆ, ಯಾರಿಗಾದರೂ ಬೇರೆ ಕೆಲಸ ಹೊಳೆಯುವ ತನಕ.

ಆಮೇಲೆ ಕಾಮತರಿಗೆ ಒಂದು ವಿಚಾರ ಹೊಳೆಯಿತು. ಗುಂಪನ್ನು ಎರಡು ಮಾಡಬೇಕು! ಲೋಹ ಕರಗಿಸುವವರಿಗೆ ಒಂದು, ಲೇತ್ ಯಂತ್ರದಲ್ಲಿ ಲೋಹ ಕಡೆಯುವವರಿಗೆ ಇನ್ನೊಂದು.

ಕಾಲೇಜಿನ ಡಿಬೇಟಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ ಇದು: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಂದರೆ ಮಾತ್ರ ಅದನ್ನು ಮುರಿಯಲು ಹೊರಡು. ಆದ್ದರಿಂದ ಮೊದಲು ಕಾಮತರ ವಕಾಲತ್ತು. ಅವರು ಔಷಧ ಅಂಗಡಿ ಇಟ್ಟವರು. ಮನೆಯಲ್ಲಿ ಪುಟ್ಟದೊಂದು ಲೇತ್ ಇದೆ. ಅವರ ಕಷ್ಟ ಸುಳ್ಳಲ್ಲ. ನಮ್ಮ ಇಂಟರ್‌ನೆಟ್ ಲೈನು ಆಮೆಯ ವೇಗದ್ದು. ಅದರಲ್ಲಿ ಇದ್ದಿಲು, ಜೇಡಿಮಣ್ಣು, ಸೆಗಣಿಯ ಬಗ್ಗೆ ಬಂದ ಹತ್ತಾರು ಪತ್ರ, ಜೊತೆಗೆ ಫೋಟೋ, ಎಲ್ಲ ಇಳಿಯುವ ತನಕ ಕಾಯಬೇಕು. ಕಾದ ಮೇಲೆ ಲೇತಿನ ಬಗ್ಗೆ ಒಂದು ಸಾಲೂ ಇಲ್ಲ. ಜೋಯಿಡಾದವರಿಗಂತೂ ಮಳೆ ಬಂದರೆ ಫೋನೇ ಸಾಯುತ್ತದೆ. ಬೇಡದ ಪತ್ರ ಯಾಕೆ ಬರಬೇಕು? ನ್ಯಾಯವಾದ ಪ್ರಶ್ನೆ.

ಇನ್ನು ಪಾಟೀಲ ಸರ್. ನಿವೃತ್ತ ಹೈಸ್ಕೂಲ್ ಮಾಸ್ತರರು, ಎರಕದವರ ಗುರು, ಗುಂಪಿನ ಸ್ಥಾಪಕರು. "ಲೋಹ ಒಂದೇ, ಲೋಹಮಿತ್ರರೂ ಒಂದೇ" ಎಂದು ಬರೆದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಓದಿದರೆ ಯಾವುದೋ ಔಷಧದ ಹೆಸರಿನಂತೆ ಕಾಣುತ್ತದೆ. ಒಡೆದ ಮನೆ, ಮುರಿದ ಹಂದರ, ಅಣ್ಣತಮ್ಮಂದಿರ ಪಾಲು ಎಂದು ಮೂರು ಪುಟ. ಕಣ್ಣೀರಿದೆ, ವಾದ ಇಲ್ಲ.

ನಿಜವಾದ ಕಾರಣ ಬೇಕೇ? ಪಾಟೀಲರಿಗೆ ಗುಂಪು ಒಂದೇ ಇರಬೇಕು, ಏಕೆಂದರೆ ಅದರ ಮಾಡರೇಟರ್, ಅಂದರೆ ಯಜಮಾನ, ಅವರು. ಕಾಮತರಿಗೆ ಎರಡು ಬೇಕು, ಏಕೆಂದರೆ ಎರಡನೆಯದಕ್ಕೆ ಇನ್ನೂ ಮಾಡರೇಟರ್ ಇಲ್ಲ. ಉಳಿದದ್ದೆಲ್ಲ ಪೀಠಿಕೆ.

ಮತದಾನ ಆಯಿತು. ಗುಂಪು ಒಡೆಯಿತು, 'ಪ್ರಾಯೋಗಿಕವಾಗಿ'. (ನಮ್ಮ ದೇಶದಲ್ಲಿ ಪ್ರಾಯೋಗಿಕವಾಗಿ ಆದದ್ದು ಎಂದಾದರೂ ವಾಪಸು ಹೋದದ್ದುಂಟೇ?) ಎರಕ ವಿಭಾಗ, ಲೇತ್ ವಿಭಾಗ. ಜೊತೆಗೆ ಒಂದು ನಿಯಮ: ತಪ್ಪು ವಿಭಾಗದಲ್ಲಿ ಬಂದ ಪ್ರಶ್ನೆಗೆ ಯಾರೂ ಉತ್ತರಿಸಬಾರದು, ಸರಿಯಾದ ವಿಭಾಗಕ್ಕೆ ದಾಟಿಸಬೇಕು.

ಆ ವಾರವೇ ನಮ್ಮ ಭಾವನ ಪ್ರಶ್ನೆ ಬಂತು.

ಭಾವ ಹಳಿಯಾಳದ ಒಂದು ಲೇತ್ ಅಂಗಡಿಯಲ್ಲಿ ಚಕ್ರಕ್ಕೆಂದು ಕಬ್ಬಿಣದ ಅಚ್ಚು ಮಾಡಿಸಿದ್ದರು. ಅದರೊಳಗೆ ಕರಗಿದ ಹಿತ್ತಾಳೆ ಸುರಿದರೆ ಚಕ್ರ ಸಿದ್ಧ. ಆದರೆ ಜುಲೈ ತಿಂಗಳು. ದಾಂಡೇಲಿಯ ಮಳೆಯಲ್ಲಿ ಗೋಡೆ ಬೆವರುತ್ತದೆ, ಉಪ್ಪು ಬೆವರುತ್ತದೆ, ಕಬ್ಬಿಣ ಬೆವರದೇ ಇರುತ್ತದೆಯೇ? ಭಾವ ಕೇಳಿದ್ದು ಇಷ್ಟೇ: ಅಚ್ಚನ್ನು ಬಟ್ಟೆಯಿಂದ ಒರೆಸಿ ಸುರಿದರೆ ಸಾಕೇ, ಇಲ್ಲಾ ಮೊದಲು ಕಾಯಿಸಬೇಕೇ? ಕಾಯಿಸಿದರೆ ಅಷ್ಟು ನಾಜೂಕಾಗಿ ಕಡೆದ ಅಚ್ಚು ಸೊಟ್ಟಗಾಗುವುದಿಲ್ಲವೇ? ಬರುವ ಭಾನುವಾರ ಸುರಿಯುತ್ತೇನೆ, ದಯವಿಟ್ಟು ಅಷ್ಟರೊಳಗೆ ತಿಳಿಸಿ.

ಎರಕ ವಿಭಾಗದಿಂದ ಪಾಟೀಲ ಸರ್: "ಪ್ರಶ್ನೆ ಲೇತಿನಲ್ಲಿ ತಯಾರಾದ ಅಚ್ಚಿಗೆ ಸಂಬಂಧಿಸಿದ್ದು. ಲೇತ್ ವಿಭಾಗಕ್ಕೆ ದಾಟಿಸಲಾಗಿದೆ." ಲೇತ್ ವಿಭಾಗದಿಂದ ಕಾಮತರು: "ಕರಗಿದ ಲೋಹ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಎರಕ ವಿಭಾಗಕ್ಕೆ ಹಿಂದಿರುಗಿಸಲಾಗಿದೆ."

ಗಮನಿಸಿ. ಒಡೆಯುವುದೇ ಬೇಡ ಎಂದವರು ಪಾಟೀಲರು. ಆದರೆ ನಿಯಮ ಪಾಲಿಸುವುದರಲ್ಲಿ ಅವರೇ ಮುಂದೆ. ಯಾಕೆ? ಒಡೆದದ್ದು ಎಂಥಾ ಮೂರ್ಖತನ ಎಂದು ತೋರಿಸಬೇಕಲ್ಲ. ಕಾಮತರೂ ಪಾಲಿಸುತ್ತಾರೆ, ಒಡೆದದ್ದು ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ತೋರಿಸಬೇಕಲ್ಲ. ಇಬ್ಬರ ಸಿದ್ಧಾಂತದ ನಡುವೆ ಹಸಿ ಅಚ್ಚು ಹಿಡಿದು ನಿಂತವರು ನಮ್ಮ ಭಾವ. ಉಳಿದ ಸದಸ್ಯರು ಸುಮ್ಮನಿದ್ದರೇ? ಇಲ್ಲ. ಇಂಥ ನಡುವಿನ ಪ್ರಶ್ನೆಗಳಿಗೆ ಮೂರನೇ ವಿಭಾಗ ಬೇಕೇ ಬೇಡವೇ ಎಂದು ಮುಂಡಗೋಡಿನ ಡಾಕ್ಟರರು ಉದ್ದದ ಪತ್ರ ಬರೆದರು. ಅಲ್ಲಿಗೆ ಅಚ್ಚು ಎಲ್ಲರಿಗೂ ಮರೆತುಹೋಯಿತು.

ಶನಿವಾರ ನಾನು ಹಳಿಯಾಳದಿಂದ ಬಸ್ ಹಿಡಿದು ದಾಂಡೇಲಿಯಲ್ಲಿರುವ ಅಕ್ಕನ ಮನೆಗೆ ಹೋದಾಗ ಜಗಳ ನಡೆದಿತ್ತು.

"ಡ್ರೈಯರ್ ಎಲ್ಲೈತಿ?" ಭಾವ.

"ಕೊಡಂಗಿಲ್ಲ," ಅಕ್ಕ. "ಉತ್ತರ ಬರ್ಲಿ, ಕೊಡ್ತೇನಿ."

"ಏನಾಗಂಗಿಲ್ಲ ಮಾರಾಯ್ತಿ, ಒರಸೇ ಸುರೀತೇನಿ."

"ಹೋದ ಸಲಾನೂ ಏನಾಗಂಗಿಲ್ಲ ಅಂದಿದ್ರಿ. ಚಪ್ಪಲಿ ತೋರಸ್ಲೇನು?"

ಚಪ್ಪಲಿಯನ್ನು ನನಗೇ ತೋರಿಸಿದಳು. ಹೆಬ್ಬೆರಳಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ತೂತು, ಆರಪಾರ. ಒಂದೇ ಒಂದು ಹನಿ ಸಿಡಿದದ್ದು. ಕಾಲು ಒಂದು ಬೆರಳಿನಷ್ಟು ಆಚೆ ಇತ್ತು. ಈ ಸಲ ಸುರಿಯುವುದು ಹನಿಯಲ್ಲ, ಒಂದು ಚಕ್ರದಷ್ಟು.

"ಊರಾಗೇ ಅದಾರಲ್ಲ ಭಾವ, ಒಂದು ಫೋನ್ ಮಾಡಿ ಕೇಳಬಾರ್ದೇನು?" ಎಂದೆ.

ಭಾವ ನನ್ನನ್ನು ಮಗುವನ್ನು ನೋಡಿದಂತೆ ನೋಡಿದರು. "ಹಂಗಲ್ಲ ವಕೀಲವ್ವಾ. ಪಾಟೀಲ ಸರ್‌ಗೆ ಕೇಳಿದ್ರ ನಾ ಎರಕದ ಪಾರ್ಟಿ ಅಂತಾರ. ಕಾಮತ್ರಿಗೆ ಕೇಳಿದ್ರ ಲೇತಿನ ಪಾರ್ಟಿ. ನಾ ಇಬ್ರಿಗೂ ಬೇಕಾದಾವ. ಅದಕ್ಕ ಗ್ರೂಪಿನ್ಯಾಗ ಕೇಳೇನಿ."

ಇದನ್ನು ಕೇಳಿ ನನಗೆ ನಗು ಬರಲಿಲ್ಲ. ಕಾಲು ಸುಟ್ಟುಕೊಳ್ಳಲು ತಯಾರು, ಪಕ್ಷ ಸೇರಿದವನು ಅನ್ನಿಸಿಕೊಳ್ಳಲು ತಯಾರಿಲ್ಲ! ಇವರೇನು ಮೂರ್ಖರೇ? ಅಲ್ಲ. ಸಣ್ಣ ಊರಿನಲ್ಲಿ ಬದುಕಿದವರು. ಇಲ್ಲಿ ಸುಟ್ಟ ಗಾಯ ಬೇಗ ಮಾಯುತ್ತದೆ, ಸಂಶಯ ಮಾಯುವುದಿಲ್ಲ.

ಅಕ್ಕನಿಗೆ ಈ ರಾಜನೀತಿ ಗೊತ್ತಿಲ್ಲ. ಗೊತ್ತಿದ್ದರೂ ಲೆಕ್ಕಕ್ಕಿಲ್ಲ. ಕೊಡೆ ತೆಗೆದುಕೊಂಡಳು. "ನಡಿ. ಡಿಬೇಟಿನ್ಯಾಗ ಕಪ್ ಗೆದ್ದಾಕಿ ನೀ ಇದ್ದಿ. ಕೇಳಿಬರೂಣು."

ಹೀಗೆ ನಾವು ಆ ಸೈಬರ್ ಕೆಫೆ ತಲುಪಿದ್ದು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ವಾದ ಜೋಡಿಸುತ್ತಿದ್ದೆ: ಮೊದಲು ನಿಯಮದ ಉದ್ದೇಶ, ಆಮೇಲೆ ಅಪವಾದ, ಕೊನೆಗೆ ಮನವಿ. ಇಮ್ತಿಯಾಜನ ಪಿಸುಮಾತು ಮುಗಿಯುವಷ್ಟರಲ್ಲಿ ಅಕ್ಕ ಗೂಡುಗಳ ಮುಂದೆ ನಿಂತು ಕೊಡೆ ಮಡಚಿದಳು. ನನ್ನ ಪೀಠಿಕೆಗೆ ಕಾಯಲಿಲ್ಲ. ರಸ್ತೆಯ ಆಚೆ ಆಡುವ ಮಕ್ಕಳನ್ನು ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿದಳು.

"ನಮ್ಮನಿಯವ್ರು ಬೆವತ ಕಬ್ಬಿಣದ ಅಚ್ಚಿನ್ಯಾಗ ನಾಳೆ ಹಿತ್ತಾಳಿ ಸುರೀತೇನಿ ಅಂತಾರ. ಸುರೀಲೋ, ಬ್ಯಾಡೋ?"

ಹಲಗೆಯ ಈಚೆ ಒಂದು ತಲೆ ಎದ್ದಿತು. ಆಚೆ ಇನ್ನೊಂದು. ಎರಡೂ ಬಾಯಿಂದ ಒಂದೇ ಮಾತು.

"ಸುರೀಬ್ಯಾಡ್ರೀ!"

"ಒರಸಿದ್ರ ಸಾಲಂಗಿಲ್ಲವ್ವಾ," ಪಾಟೀಲ ಸರ್ ಗಾಬರಿಯಾಗಿದ್ದರು. "ಒಳಗ ತ್ಯಾವ ಇದ್ರ ಆವಿ ಆಗಿ ಹಿತ್ತಾಳಿ ಮಾರೀಗೇ ಸಿಡೀತೈತಿ. ಕೈ ಇಡಾಕ ಆಗಬಾರ್ದು, ಅಷ್ಟು ಕಾಯಿಸ್ಬೇಕು."

"ಅಚ್ಚು ಸೊಟ್ಟ ಆಗ್ತೈತಿ ಅಂತ ಅವ್ರಿಗೆ ಚಿಂತಿ," ಅಕ್ಕ.

"ಏನೂ ಆಗೂದಿಲ್ಲ," ಕಾಮತರು. "ಸಣ್ಣ ಉರಿ ಮ್ಯಾಲೆ, ತಿರುವಿ ತಿರುವಿ, ನಿಧಾನಕ್ಕೆ ಕಾಯಿಸ್ಲಿಕ್ಕೆ ಹೇಳಿ. ಒಂದೇ ಕಡೆ ಕಾಯಿಸಿದ್ರೆ ಮಾತ್ರ ಸೊಟ್ಟ."

ಮುಗಿಯಿತು. ಅರ್ಧ ಉತ್ತರ ಆಚೆಯಿಂದ, ಅರ್ಧ ಈಚೆಯಿಂದ. ಇಮ್ತಿಯಾಜ್ ಒಂದು ಚಹಾ ಸುರುವಿಕೊಳ್ಳುವಷ್ಟೂ ಹೊತ್ತಾಗಲಿಲ್ಲ.

"ಮತ್ತ ಇಡೀ ವಾರ ಯಾಕ ಹೇಳಲಿಲ್ರೀ?" ಅಕ್ಕ ಕೇಳಿದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಟೀಲ ಸರ್ ಮೆಲ್ಲಗೆ, "ಪ್ರಶ್ನೆ ತಪ್ಪು ವಿಭಾಗದಾಗ ಬಂದಿತ್ತವ್ವಾ" ಎಂದರು.

"ಹೌದ್ರೀ? ನಾಳೆ ಕಾಲು ಸುಟ್ಟಿದ್ರ ಆ್ಯಂಬುಲೆನ್ಸ್ ಯಾವ ವಿಭಾಗಕ್ಕ ಕರಿಬೇಕಿತ್ತು?"

ಎರಡೂ ತಲೆಗಳು ನಿಧಾನಕ್ಕೆ ಹಲಗೆಯ ಕೆಳಗೆ ಮುಳುಗಿದವು. ನಾವು ಬಾಗಿಲು ದಾಟುವ ಮೊದಲೇ ಟಪಟಪ ಶುರುವಾಗಿತ್ತು.

ಹಾಗಾದರೆ ಗುಂಪು ಒಡೆಯಬೇಕೋ ಬೇಡವೋ? ಡಿಬೇಟಿನವಳು, ನಿಲುವು ಹೇಳದೆ ವೇದಿಕೆ ಇಳಿಯುವುದು ಅಭ್ಯಾಸ ಇಲ್ಲ. ಒಡೆಯಿರಿ, ಸ್ವಾಮಿ. ಉತ್ತರಗಳು ತುಂಬಿ ತುಳುಕಿ, ಇಡಲು ಜಾಗ ಇಲ್ಲವಾದಾಗ ಧಾರಾಳವಾಗಿ ಒಡೆಯಿರಿ. ಆದರೆ ಒಂದು ಸೈಬರ್ ಕೆಫೆಯಲ್ಲಿ ಹಿಡಿಸುವಷ್ಟು ಜನ, ಉತ್ತರ ಕೊಡುವವರು ಅದರಲ್ಲಿ ಇಬ್ಬರು, ಆ ಇಬ್ಬರ ನಡುವೆ ಒಂದು ಗೋಡೆ? ಬೇಡದ ಪತ್ರ ಬರುತ್ತದೆ ಎಂಬ ಕಷ್ಟಕ್ಕೆ ಮದ್ದು ಇದೆ. ಪತ್ರದ ತಲೆಯ ಮೇಲೆ 'ಎರಕ' ಎಂದು ಬರೆಯಿರಿ, ಬೇಡದವರು ತೆರೆಯದೆ ಬಿಡಲಿ. ಫೋಟೋ ಅಂಟಿಸಬೇಡಿ, ಲೈನು ಉಸಿರಾಡಲಿ. ಇದನ್ನು ಮುಂಚೆ ಯಾರೂ ಹೇಳಿರಲಿಲ್ಲವೇ? ಹೇಳಿದ್ದರು. ಆದರೆ ಅದರಲ್ಲಿ ಮಾಡರೇಟರ್ ಹುದ್ದೆ ಹುಟ್ಟುವುದಿಲ್ಲವಲ್ಲ.

ನಮಗೆ ಜಾಗ ಹಂಚುವುದೆಂದರೆ ಅದೇನು ಪ್ರೀತಿಯೋ! ಹಳಿಯಾಳ ಬಸ್ ಸ್ಟ್ಯಾಂಡಿನಲ್ಲಿ ಮುಂಡಗೋಡಿನ ಬಸ್ ಯಾವಾಗ ಎಂದು ಕೇಳಿ ನೋಡಿ. ಕಿಟಕಿಯೊಳಗಿನವನಿಗೆ ಉತ್ತರ ಗೊತ್ತು. ಕಣ್ಣಲ್ಲಿ ಕಾಣುತ್ತದೆ. ಆದರೂ "ಬಾಜೂ ಕಿಟಕಿ" ಎನ್ನುತ್ತಾನೆ. ಗೊತ್ತಿಲ್ಲದವನನ್ನು ಕ್ಷಮಿಸಬಹುದು. ಗೊತ್ತಿದ್ದೂ ದಾಟಿಸುವವನಿಗೆ ನಾವು ಸಂಬಳ ಕೊಡುತ್ತೇವೆ. ಲೋಹಮಿತ್ರರು ಅದನ್ನೇ ಹವ್ಯಾಸಕ್ಕಾಗಿ, ಸ್ವಂತ ಖರ್ಚಿನಲ್ಲಿ ಮಾಡುತ್ತಿದ್ದಾರೆ.

ಭಾನುವಾರ ಭಾವ ಹಿತ್ತಾಳೆ ಸುರಿಯಲಿಲ್ಲ. ಅಕ್ಕ ಹೊಸ ಶರತ್ತು ಹಾಕಿದಳು: ಪಾಟೀಲ ಸರ್ ಮತ್ತು ಕಾಮತರು ಇಬ್ಬರೂ ಕೂಡಿ ಹಿತ್ತಿಲಿಗೆ ಬಂದು, ಅಚ್ಚು ಕಾದದ್ದನ್ನು ನೋಡಿ, ಸೈ ಎಂದ ಮೇಲೆಯೇ ಡ್ರೈಯರ್. ಅಲ್ಲಿಯ ತನಕ ಅದು ಅವಳ ಹತ್ತಿರ.

ಇಬ್ಬರೂ ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಆದರೆ ಅವರ ಈ ಜಂಟಿ ಭೇಟಿ ಯಾವ ವಿಭಾಗದ ಕಾರ್ಯಕ್ರಮ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಗುಂಪಿನಲ್ಲಿ, ಕ್ಷಮಿಸಿ, ಗುಂಪುಗಳಲ್ಲಿ, ಮತದಾನ ನಡೆಯುತ್ತಿದೆ.

ಈ ಮಳೆಗಾಲದಲ್ಲಿ ಅಕ್ಕನ ಕೂದಲು ಮಾತ್ರ ಬಲು ಚೆನ್ನಾಗಿ ಒಣಗುತ್ತಿದೆ.