ಕಿಟಕಿಗೆ ಹೋಗದ ಸಾಕ್ಷಿ

ನಮ್ಮ ಅತ್ತೆಯ ಅಂಗೈ ಗೆರೆಗಳಲ್ಲಿ ಸುಣ್ಣ ಕೂತುಬಿಟ್ಟಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. "ಎಲ್ಲಾರ ಹಣಿಬರ ಹಣ್ಯಾಗ ಇರತೈತಿ, ನಂದು ಅಂಗೈಯಾಗ ಬೆಳ್ಳಗ ಕುಂತೈತಿ" ಎಂದು ನಗುತ್ತಿದ್ದಳು.

ನಮ್ಮೂರಿನ ಹಳೆಯ ಕೋರ್ಟಿಗೆ ವರ್ಷಕ್ಕೊಮ್ಮೆ ಸುಣ್ಣ ಹಚ್ಚುವ ಕೆಲಸ ಆಕೆಯದು. ಎಪ್ಪತ್ತರ ದಶಕದಲ್ಲಿ ಮುನವಳ್ಳಿಯಿಂದ ಮದುವೆಯಾಗಿ ಬಂದ ನಾನೂ ಸುಣ್ಣದ ಡಬ್ಬಿ ಹಿಡಿದು ಹಿಂದೆ ಹೋಗುತ್ತಿದ್ದೆ. ನಾನು ಕಲಿತದ್ದು ಎರಡನೆಯ ಇಯತ್ತೆ. ಆ ಕಟ್ಟಡವನ್ನು ಓದಲು ಕಲಿಸಿದವಳು ಆಕೆ. ಬ್ರಿಟಿಷರ ಕಾಲದ್ದು. ಹೊರಗೆ ಕರಿಕಲ್ಲು, ಮೇಲೆ ಮಂಗಳೂರು ಹಂಚು, ಒಳಗೆ ಸಾಗವಾನಿ ತೊಲೆ. ಮುಂದಿನ ಕಮಾನಿನ ಪಡಸಾಲೆಯಲ್ಲಿ ಪಿಸುಗುಟ್ಟಿದರೂ ಆ ತುದಿಗೆ ಕೇಳಿಸುತ್ತಿತ್ತು. ಆಕೆಯ ಅಪ್ಪ ಈ ಗೋಡೆಗಳಿಗೆ ಎತ್ತಿನ ಗಾಣ ಹೊಡೆದು ಗಚ್ಚು ಅರೆದವನಂತೆ: ಸುಣ್ಣ, ಉಸುಕು, ಬೆಲ್ಲದ ನೀರು.

ಪಕ್ಕದ ಗೋಡೆಗೊಂದು ಕಿಟಕಿ ಇತ್ತು. ಹಿಂದೆ ನಮ್ಮ ಕೇರಿಯವರನ್ನು ಒಳಗೆ ಬಿಡುತ್ತಿರಲಿಲ್ಲ; ಹೊರಗೆ ಬಿಸಿಲಲ್ಲಿ ನಿಂತು ಆ ಕಿಟಕಿಯಿಂದಲೇ ಸಾಕ್ಷಿ ಹೇಳಬೇಕಿತ್ತು. ಮೊಣಕೈ ಊರಿ ಊರಿ ಅದರ ಕಲ್ಲು ನುಣುಪಾಗಿತ್ತು. ಕಾನೂನು ಬದಲಾಗಿತ್ತು. ಬಾಗಿಲು ಕಾಯುವ ಮುದುಕ ಪಟ್ಟೇವಾಲಾ ಬದಲಾಗಿರಲಿಲ್ಲ.

ಪಕ್ಕದ ಮನೆಯವರು ನಮ್ಮ ಮನೆಯ ಜಾಗ ತಮ್ಮದೆಂದು ದಾವೆ ಹೂಡಿದರು. ಸೋತರೆ ನಮಗೆ ಬೀದಿಯೇ ಗತಿ. ನಮ್ಮ ಕಡೆಯ ಸಾಕ್ಷಿ ಅತ್ತೆಯೊಬ್ಬಳೇ. ಅಂದು ಪಟ್ಟೇವಾಲಾ ಆಕೆಯ ಹೆಸರು ಕೂಗಿದ. ಆಕೆ ಮೆಟ್ಟಿಲು ಹತ್ತಿದಳೋ ಇಲ್ಲವೋ, ಕೋಲು ಅಡ್ಡ ಹಿಡಿದ.

"ಎಲ್ಲಿಗಿ ನಡದಿ? ಕಿಡಕಿ ಆ ಕಡೆ ಐತಿ."

"ಹೋದ ತಿಂಗಳ ನೀನ ಈ ಬಾಗಲದಿಂದ ಒಳಗ ಕರದಿದ್ದೆಲ್ಲ ಕಾಕಾ?"

"ಅದು ಸುಣ್ಣದ ಕೆಲಸಕ್ಕ."

"ಹಂಗಾರ ಸುಣ್ಣ ಹೊತ್ತು ಬಂದ್ರ ಬಾಗಲಾ, ಸಾಕ್ಷಿ ಹೊತ್ತು ಬಂದ್ರ ಕಿಡಕಿ?"

ಪಡಸಾಲೆಯಲ್ಲಿ ಕೂತವರು ಕಿಸಕ್ಕೆಂದರು. ಮುದುಕನಿಗೆ ಸಿಟ್ಟು ನೆತ್ತಿಗೇರಿತು. ಎರಡನೆಯ ಸಲ ಕೂಗಿದ. ಮೂರನೆಯ ಕೂಗಿಗೂ ಹೋಗದಿದ್ದರೆ ಗೈರುಹಾಜರಿ. ಜಾಗ ಹೋದ ಹಾಗೆಯೇ. ನಮ್ಮ ಮಾವ ಕೈಮುಗಿದು ನಿಂತರು. "ಕಿಡಕೀಗೆ ಹೋಗ, ನಿನ್ನ ಕಾಲ ಬೀಳತೇನಿ. ಮನಿ ಹೋಗತೈತಿ!"

"ಹೋದ್ರ ಹೋಗ್ಲಿ. ಕಿಡಕ್ಯಾಗ ನಿಂತು ಗೆದ್ದ ಮನಿಯಾಗ ನನಗ ನಿದ್ದಿ ಹತ್ತಂಗಿಲ್ಲ."

"ಹಾಜರ್ ಅದಾಳೋ ಇಲ್ಲೋ!" ಮೂರನೆಯ ಕೂಗು.

ಅತ್ತೆ ಕಮಾನಿನ ನಟ್ಟನಡುವೆ ನಿಂತು ದನಿ ಎತ್ತಿದಳು. "ಹಾಜರ್ ಅದೇನಿ! ಬಾಗಲದಾಗ ಅದೇನಿ!"

ಅಪ್ಪನ ಗಚ್ಚಿನ ಕಮಾನು ಮಗಳ ದನಿಯನ್ನು ನೆಟ್ಟಗೆ ನ್ಯಾಯಾಧೀಶರ ಕಿವಿಗೆ ಒಯ್ದು ಮುಟ್ಟಿಸಿತು. "ಯಾರದು? ಒಳಗೆ ಬಿಡ್ರಿ ಅವರನ್ನ" ಎಂದರು. ಕೋಲು ಕೆಳಗಿಳಿಯಿತು.

ಕಟಕಟೆ ಹತ್ತುವ ಮೊದಲು ಅತ್ತೆ ಗೋಡೆಗೆ ಅಂಗೈ ಹಚ್ಚಿ, "ಯಪ್ಪಾ, ಬಂದ್ನಿ ನೋಡು" ಎಂದಳು.

"ಯಾರ ಜೊತೆ ಮಾತಾಡ್ತಿದೀರಮ್ಮ?"

"ಈ ಗ್ವಾಡಿ ಕಟ್ಟಿದಾವನ ಜೋಡಿರೀ ಸಾಹೇಬರ."

ಜಾಗ ಉಳಿಯಿತು. ಮುಂದಿನ ಸಲ ಸುಣ್ಣ ಹಚ್ಚುವಾಗ ಆ ಕಿಟಕಿಯ ಕಲ್ಲನ್ನು ಮಾತ್ರ ಬಿಟ್ಟಳು. ಮುಚ್ಚಲೇನೆಂದು ನಾನು ಕುಂಚ ಎತ್ತಿದರೆ ಕೈ ಹಿಡಿದಳು. "ಬ್ಯಾಡ. ನಮ್ಮ ಮಂದಿ ಮೊಣಕೈ ಅಲ್ಲಿ ಕಾಣಬೇಕು." ಆಕೆ ಕಣ್ಣು ಮುಚ್ಚಿದ್ದು ಆ ಮನೆಯಲ್ಲೇ, ಅಂಗೈಯ ಸುಣ್ಣದೊಂದಿಗೆ. ಈಗ ನಾನು ಅಜ್ಜಿಯಾಗಿ ಕೂತಿರುವುದೂ ಅಲ್ಲೇ.

ಮೊನ್ನೆ, ಈಗಷ್ಟೇ ಹೆಜ್ಜೆ ಇಡಲು ಕಲಿತ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಕೋರ್ಟಿನ ಮುಂದೆ ಇಳಿಸಿದೆ. ಏನು ಹೇಳಲಿ ನನ್ನ ಬಂಗಾರದ ಸುದ್ದಿ! ಯಾರನ್ನೂ ಕೇಳದೆ ಮೆಟ್ಟಿಲನ್ನು ಅಂಬೆಗಾಲಲ್ಲಿ ಹತ್ತಿ, ದೊಡ್ಡ ಬಾಗಿಲಿನಿಂದಲೇ ಒಳಗೆ ನುಗ್ಗಿ, ಗೋಡೆಗೆ ಎರಡೂ ಕೈ ಪಟಪಟ ಬಡಿದು ಕೇಕೆ ಹಾಕಿದಳು. ನಗುತ್ತ ನಗುತ್ತ ನನ್ನ ಕಣ್ಣು ತುಂಬಿ ಸುರಿಯಿತು.

ಕಾವಲಿನ ಹುಡುಗ ಓಡಿ ಬಂದ. "ಯಜ್ಜೀ, ಕೂಸಿನ ಕೈಗೆಲ್ಲಾ ಸುಣ್ಣ ಹತ್ತೇತಿ, ಒರಸ್ರಿ."

ಪಡಸಾಲೆಯ ಆ ತುದಿಗೂ ಕೇಳುವಂತೆ ಹೇಳಿದೆ: "ಒರಸಂಗಿಲ್ಲೋ ತಮ್ಮಾ. ಇಕಿ ಇಲ್ಲಿ ಹಾಜರ್ ಅದಾಳ!"