ಗೊತ್ತಿಲ್ಲ ಎಂದ ಸಾಕ್ಷಿ

ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಕೊನೆಯ ರಸ್ತೆಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಗೋವಿಂದಯ್ಯನವರ ಸಣ್ಣ ಫೌಂಡ್ರಿಯ ತಗಡಿನ ಸಂದಿಯಿಂದ ಹೊರಬಿದ್ದ ಹೊಗೆ ಬೆಳಗಿನ ಮಂಜಿಗೆ ಸಿಕ್ಕಿ ಮೇಲೇರಲಾಗದೆ ಅಲ್ಲೇ ತೂಗುತ್ತಿದೆ. ಒಳಗೆ ಕುಲುಮೆಯ ಬಾಯಿಯ ಹತ್ತಿರ ಕಾಂತರಾಜ್ ನಿಂತಿದ್ದಾರೆ. ನೀಲಿ ಗಾಜನ್ನು ಕಣ್ಣಿಗೆ ಹಿಡಿದು ಕುದಿಯುವ ಕಬ್ಬಿಣವನ್ನು ನೋಡುತ್ತಾರೆ, ಉದ್ದನೆಯ ಕೊಕ್ಕೆಯಿಂದ ಮೇಲಿನ ಕಿಟ್ಟವನ್ನು ಪಕ್ಕಕ್ಕೆ ಎಳೆಯುತ್ತಾರೆ, ಮತ್ತೊಮ್ಮೆ ನೋಡುತ್ತಾರೆ. ಆಮೇಲೆ ಎಡಗೈ ಎತ್ತಿ, "ಹಾಂ, ಬಗ್ಗಿಸ್ರಪ್ಪ" ಎನ್ನುತ್ತಾರೆ. ಕುಲುಮೆ ಬಾಗುತ್ತದೆ. ಶೆಡ್ಡಿನ ಗೋಡೆ, ಮನುಷ್ಯರ ಮುಖ, ನೆಲದ ಮರಳು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತವೆ.

ದಿನಕ್ಕೆ ಎರಡು ಎರಕ. ಹತ್ತಿರಹತ್ತಿರ ಒಂದು ಟನ್ ಕಬ್ಬಿಣ. ಪಂಪ್‌ಸೆಟ್ಟಿನ ಹೊರಕವಚ, ಟ್ರ್ಯಾಕ್ಟರಿನ ಚಕ್ರಕ್ಕೆ ಕೂರುವ ಬಿಡಿಭಾಗ, ಚರಂಡಿಯ ಮುಚ್ಚಳ. ನಮ್ಮ ಕಾಲಡಿಯಲ್ಲಿ ಇರುವ, ನಾವು ಎಂದೂ ಬಗ್ಗಿ ನೋಡದ ವಸ್ತುಗಳು. ಮಧ್ಯಾಹ್ನದ ಹೊತ್ತಿಗೆ ಕಾಂತರಾಜರ ಅಂಗಿಯ ಬೆವರು ಒಣಗಿ ಉಪ್ಪಿನ ಗೆರೆಗಳಾಗಿರುತ್ತದೆ. ವಯಸ್ಸು ಐವತ್ತೇಳು. ಮುಂಗೈಯ ತುಂಬ ಕಿಡಿ ಸಿಡಿದ ಕಲೆಗಳಿವೆ. ಇಲ್ಲಿ ಎಲ್ಲರೂ ಅವರನ್ನು ಕರೆಯುವುದು 'ಏರೋಪ್ಲೇನ್ ಅಣ್ಣ' ಎಂದು. ಆ ಹೆಸರಿನಲ್ಲಿ ಸ್ವಲ್ಪ ಪ್ರೀತಿ ಇದೆ, ಸ್ವಲ್ಪ ಕುಚೋದ್ಯವೂ ಇದೆ.

ಈ ಕೆಲಸಕ್ಕೆ ಬರುವ ಮೊದಲು ಅವರು ವಾಯುಪಡೆಯ ಸರಕು ವಿಮಾನದಲ್ಲಿ ಫ್ಲೈಟ್ ಎಂಜಿನಿಯರ್. ಇಬ್ಬರು ಪೈಲಟ್‌ಗಳ ಬೆನ್ನಿಗೆ ಕೂತು ಎಂಜಿನ್ನುಗಳ ಆರೋಗ್ಯ ನೋಡಿಕೊಳ್ಳುವ ಕೆಲಸ. ಭದ್ರಾವತಿಯ ಓಲ್ಡ್ ಟೌನಿನ ಹುಡುಗ. ತಂದೆ ಕಬ್ಬಿಣದ ಕಾರ್ಖಾನೆಯ ಕಾರ್ಮಿಕ. ಪಿಯುಸಿ ಮುಗಿಸಿ, ಭರ್ತಿ ಶಿಬಿರವೊಂದರಲ್ಲಿ ಎದೆ ಅಳತೆ ಕೊಟ್ಟು ಹೊರಟವರು. "ಅಪ್ಪನ ಥರ ಬೆಂಕಿ ಮುಂದೆ ನಿಲ್ಲಬಾರ್ದು ಅಂತ ಹೋದೆ ಸಾರ್" ಎಂದು ನನಗೆ ಹೇಳಿ ನಗುತ್ತಾರೆ. ನಗು ಬಹಳ ಹೊತ್ತು ಇರುವುದಿಲ್ಲ.

ಈಶಾನ್ಯದ ಒಂದು ನೆಲೆಯಲ್ಲಿದ್ದಾಗ ರೂಪೇಶ್ ಸಿಕ್ಕಿದ. ಗಾಜನೂರಿನವನು, ಇವರಿಗಿಂತ ಹತ್ತು ವರ್ಷ ಚಿಕ್ಕವನು. ವಿಮಾನದ ಹೊಟ್ಟೆಯಲ್ಲಿ ಸಾಮಾನು ಕಟ್ಟಿ, ಗುಡ್ಡದ ಮೇಲಿನ ಸೈನಿಕರಿಗೆ ಅದನ್ನು ಇಳಿಸಿಕೊಡುವ ಲೋಡ್‌ಮಾಸ್ಟರ್. "ಒಂದಿನ ಹ್ಯಾಂಗರಲ್ಲಿ ಸ್ಪ್ಯಾನರ್ ಕಾಲ್ಮೇಲೆ ಬಿತ್ತು. ನಾನು ಕನ್ನಡದಲ್ಲೇ ಬೈದೆ. ಹಿಂದಿಂದ ಯಾರೋ, 'ಇದು ಭದ್ರಾವತಿ ಬೈಗುಳ ಅಲ್ವೇನಣ್ಣ' ಅಂದ್ರು. ತಿರುಗಿ ನೋಡಿದ್ರೆ ಇವ್ನು." ಅಂದಿನಿಂದ ಇಬ್ಬರೂ ಒಂದೇ ಸ್ಟೋವ್ ಹಂಚಿಕೊಂಡರು. ಕೆಲ ವರ್ಷಗಳ ನಂತರ ಶಿವಮೊಗ್ಗದಲ್ಲಿ ರೂಪೇಶನ ಮದುವೆಯಾದಾಗ ಕಾಂತರಾಜ್ ಮತ್ತು ಅವರ ಹೆಂಡತಿ ಪದ್ಮಮ್ಮ ಗಂಡಿನ ಕಡೆಯವರಾಗಿ ಓಡಾಡಿದರು.

ಅದು ನಡೆದದ್ದು ಹದಿನೈದು ವರ್ಷಗಳ ಹಿಂದೆ, ಚಳಿಗಾಲದ ಒಂದು ಸಂಜೆ. ಗುಡ್ಡದ ಮೇಲೆ ಅಕ್ಕಿ, ಸೀಮೆಎಣ್ಣೆ ಇಳಿಸಿ ವಿಮಾನ ವಾಪಸಾಗುತ್ತಿತ್ತು. ಸೂರ್ಯ ಮುಳುಗಿದ್ದ, ಬೆಳಕು ಪೂರ್ತಿ ಹೋಗಿರಲಿಲ್ಲ. ಎಡಗಡೆ ಕೆಳಗೆ, ಮೋಡದ ಅಂಚಿನಲ್ಲಿ ಒಂದು ಬೆಳಕು ಕಂಡಿತು.

"ಮೊದ್ಲು ಬೇರೆ ವಿಮಾನ ಅಂದ್ಕೊಂಡ್ವಿ. ಕ್ಯಾಪ್ಟನ್ ರೇಡಿಯೋದಲ್ಲಿ ಕೇಳಿದ್ರು. ಆ ಕಡೆ ಯಾರೂ ಇಲ್ಲ ಅಂದ್ರು. ಅದು ನಮ್ಮ ಪಕ್ಕಕ್ಕೇ ಬಂತು. ನಾವು ಎಷ್ಟು ಸ್ಪೀಡೋ ಅಷ್ಟೇ ಸ್ಪೀಡು. ಕೆಂಪೂ ಅಲ್ಲ, ಹಳದೀನೂ ಅಲ್ಲ. ಸದ್ದು ಗೊತ್ತಾಗ್ಲಿಲ್ಲ, ನಮ್ಮ ಎಂಜಿನ್ ಸದ್ದಲ್ಲಿ ಹೆಂಗೆ ಗೊತ್ತಾಗುತ್ತೆ? ಆಮೇಲೆ ಒಮ್ಮೆಗೇ ಎದುರಿಗೆ ಬಂದ್ಬಿಡ್ತು. ಗಾಜಿನ ತುಂಬ ಅದೇ."

ಕ್ಯಾಪ್ಟನ್ ವಿಮಾನವನ್ನು ಬಲಕ್ಕೆ ಮಲಗಿಸಿ ಮೂತಿ ಕೆಳಗಿಳಿಸಿದರು. ಯಾರೂ ಅದನ್ನೇ ಮಾಡುತ್ತಿದ್ದರು. ಆದರೆ ಹಿಂದೆ ರೂಪೇಶ್, ಸಡಿಲವಾದ ಖಾಲಿ ಹಲಗೆಗಳನ್ನು ಮತ್ತೆ ಬಿಗಿಯಲೆಂದು ಆಗಷ್ಟೇ ಬೆಲ್ಟ್ ಬಿಚ್ಚಿ ಎದ್ದಿದ್ದ. ಅದು ಅವನ ಕೆಲಸವೇ ಆಗಿತ್ತು. ವಿಮಾನ ನೇರವಾದಾಗ ಮುಂದೆ ಬೆಳಕು ಇರಲಿಲ್ಲ. ಇಂಟರ್‌ಕಾಮಿನಲ್ಲಿ ಕೂಗಿದರೆ ರೂಪೇಶನ ಉತ್ತರವೂ ಇರಲಿಲ್ಲ. ಕಾಂತರಾಜ್ ಹಿಂದಕ್ಕೆ ಓಡಿದರು.

"ತಲೆ ತೊಡೆ ಮೇಲೆ ಇಟ್ಕೊಂಡೆ. ಕಣ್ಣು ಬಿಟ್ಟ. 'ಏನಾಯ್ತಣ್ಣ' ಅಂದ. 'ಏನೋ ಅಡ್ಡ ಬಂತು ಮಾರಾಯ, ಮಾತಾಡ್ಬೇಡ, ಇಳೀತಿದೀವಿ' ಅಂದೆ. ಅಷ್ಟೇ. ನೆಲ ಮುಟ್ಟೋಷ್ಟರಲ್ಲಿ ಹೋಗ್ಬಿಟ್ಟಿದ್ದ." ಹೇಳಿ ಮುಗಿಸಿ ಕಾಂತರಾಜ್ ಎದ್ದು ಹೋಗಿ ಡ್ರಮ್ಮಿನ ನೀರಿನಲ್ಲಿ ಮುಖ ತೊಳೆದು ಬರುತ್ತಾರೆ.

ಆಕಾಶದಲ್ಲಿ ಸಿಬ್ಬಂದಿಗೆ ಗುರುತು ಸಿಗದ್ದೇನಾದರೂ ಕಂಡರೆ ವಾಯುಪಡೆ ತನಿಖೆ ಮಾಡುತ್ತದೆ. ಇಲ್ಲಿ ಸಾವೂ ಇತ್ತು. ನಾಲ್ವರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಕಂಡದ್ದನ್ನು ಹೇಳಿಸಿದರು, ಚಿತ್ರ ಬರೆಸಿದರು. ಕ್ಯಾಪ್ಟನ್ ದುಂಡಗೆ ಬರೆದರು. ಪಕ್ಕದ ಪೈಲಟ್ ಎರಡು ಬೆಳಕು ಬರೆದ. ನಕ್ಷೆಯ ಮೇಲೆ ತಲೆ ಬಗ್ಗಿಸಿದ್ದ ನ್ಯಾವಿಗೇಟರ್ ಬರೀ ಝಳಪು ಕಂಡೆ ಎಂದ. ಕಾಂತರಾಜ್ ಒಂದು ಚುಕ್ಕೆ ಇಟ್ಟರು. ಎಷ್ಟು ದೊಡ್ಡದಿತ್ತು ಎಂದು ಕೇಳಿದಾಗ, ಎಷ್ಟು ದೂರ ಇತ್ತೆಂದು ಗೊತ್ತಿಲ್ಲದೆ ದೊಡ್ಡದೋ ಚಿಕ್ಕದೋ ಹೇಗೆ ಹೇಳಲಿ ಎಂದರು. ರೇಡಾರ್ ನೋಡಿದರು, ಏನೂ ಇರಲಿಲ್ಲ. ಸಂಜೆ ಹೊಳೆಯುವ ಶುಕ್ರಗ್ರಹ ಆ ಹೊತ್ತಿಗೆ ಎಲ್ಲಿತ್ತೆಂದು ಲೆಕ್ಕ ಹಾಕಿದರು. ಹವಾಮಾನದ ಬಲೂನು, ಗಡಿಯಾಚೆಯ ಹಾರಾಟ, ಹಳ್ಳಿಗಳಲ್ಲಿ ಹಬ್ಬಕ್ಕೆ ಹಾರಿಸುವ ಕಾಗದದ ದೀಪ, ಎಲ್ಲವನ್ನೂ ವಿಚಾರಿಸಿದರು. ಯಾವುದೂ ಹೊಂದಲಿಲ್ಲ. ಹೇಳಿಕೆಗಳು ಪೂರ್ತಿ ಮುಗಿಯುವ ಮೊದಲು, ಶವದ ಜೊತೆ ಊರಿಗೆ ಹೋಗಲು ಕನ್ನಡದವನೆಂದು ಕಾಂತರಾಜರನ್ನೇ ಕಳಿಸಿದರು.

ಗಾಜನೂರಿನಲ್ಲಿ ಕಾರ್ಯವೆಲ್ಲ ಮುಗಿದ ಸಂಜೆ, ರೂಪೇಶನ ತಂದೆ ಹೊನ್ನಯ್ಯ ಇವರನ್ನು ತುಂಗಾ ನಾಲೆಯ ಏರಿಯ ಮೇಲೆ ಕರೆದುಕೊಂಡು ಹೋದರು. ಗಟ್ಟಿ ಮನುಷ್ಯ, ಅಲ್ಲಿಯವರೆಗೂ ಅತ್ತಿರಲಿಲ್ಲ.

"ಊರಲ್ಲಿ ಕೇಳ್ತಿದಾರೆ ಕಾಂತರಾಜ, ಹುಡುಗ ಹೆಂಗೆ ಹೋದ ಅಂತ. ವಿಮಾನದೊಳಗೆ ಬಿದ್ದು ಸತ್ತ ಅಂತ ಹೇಳ್ಲಾ? ನೀನು ಅಲ್ಲಿದ್ದೋನು. ವೈರಿ ವಿಮಾನ ಅಡ್ಡ ಬಂತು ಅಂದ್ಬಿಡು. ನಿನ್ನ ಗಂಟೇನು ಹೋಗುತ್ತೆ? ನನ್ನ ಮಗ ಹುತಾತ್ಮ ಆಗ್ತಾನೆ" ಎಂದರು. ಹಾಗೆಂದು ಬಗ್ಗಿ ಕಾಲು ಹಿಡಿಯಲು ಬಂದರು.

"ನಾನು ಆಯ್ತು ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ವಾಪಸ್ ಡ್ಯೂಟಿಗೆ ರೈಲಲ್ಲಿ ಹೋಗ್ತಾ ಇಡೀ ದಾರಿ ಹೇಳಿಬಿಡೋಣ ಅಂತಲೇ ಇದ್ದೆ" ಎನ್ನುತ್ತಾರೆ ಕಾಂತರಾಜ್. "ಕ್ಯಾಪ್ಟನ್‌ಗೂ ಅನುಕೂಲ ಆಗ್ತಿತ್ತು. ರೂಪೇಶನ ಹೆಂಡತಿ ಆಗ ಬಸುರಿ. ಆ ಮಗೂಗೂ ಹುತಾತ್ಮನ ಮಗು ಅಂತ ಒಂದು ಹೆಸರು ಇರ್ತಿತ್ತು."

ನೆಲೆಗೆ ಮರಳಿದ ಮೇಲೆ ತನಿಖಾಧಿಕಾರಿ ಮತ್ತೆ ಕೇಳಿದರು, ಅದು ಏನು. ಕಾಂತರಾಜ್ ಬಾಯಿ ತೆರೆದರು. ವೈರಿ ಎಂದು ಮಾತ್ರ ಹೇಳಲಿಲ್ಲ. ಯಾಕೆಂದು ಈಗ ನನಗೆ ಹೇಳುತ್ತಾರೆ:

"ನಾಳೆ ಅದೇ ದಾರೀಲಿ ಬೇರೆ ಹುಡುಗರು ಹೋಗ್ತಾರಲ್ಲ ಸಾರ್. ನಾನು ವೈರಿ ಅಂದ್ರೆ, ನಾಳೆ ಎಲ್ಲೋ ಒಂದು ಬೆಳಕು ಕಂಡ ಕೂಡ್ಲೇ ಯಾರೋ ಗುಂಡು ಹೊಡೀತಾರೆ. ಅದರೊಳಗೆ ಯಾರಿರ್ತಾರೋ? ಏನೂ ಇರ್ಲಿಲ್ಲ ಅಂದ್ರೆ ಕ್ಯಾಪ್ಟನ್ ಮುಳುಗ್ತಾರೆ. ಬೆಳಕು ಇತ್ತು, ಎದುರಿಗೆ ಬಂತು, ಅವ್ರ ಸೀಟಲ್ಲಿ ನಾನಿದ್ರೂ ತಿರುಗಿಸ್ತಿದ್ದೆ ಅಂದೆ. ಏನದು ಅಂದ್ರೆ ಗೊತ್ತಿಲ್ಲ ಅಂದೆ."

ತನಿಖೆ ಅಲ್ಲಿಗೇ ನಿಂತಿತು. ಗುರುತಿಸಲಾಗದ ಬೆಳಕು, ಪೈಲಟ್‌ನ ತಪ್ಪಿಲ್ಲ, ಕರ್ತವ್ಯದ ವೇಳೆ ಸಾವು. ಮನೆಯವರಿಗೆ ಸಲ್ಲಬೇಕಾದದ್ದು ಸಂದಿತು. ಹುತಾತ್ಮ ಎಂಬ ಮಾತು ಮಾತ್ರ ಬರಲಿಲ್ಲ. ಸುದ್ದಿ ಗಾಜನೂರಿಗೆ ಮುಟ್ಟಿದ ದಿನ ಹೊನ್ನಯ್ಯ ಫೋನ್ ಮಾಡಿ, "ನನ್ನ ಮಗನ್ನ ಎರಡ್ನೇ ಸಲ ಸಾಯಿಸಿದೆ" ಎಂದಷ್ಟೇ ಹೇಳಿ ಇಟ್ಟರು.

ಸೇವೆ ಮುಗಿಸಿ ಕಾಂತರಾಜ್ ಓಲ್ಡ್ ಟೌನಿಗೆ ಮರಳುವಷ್ಟರಲ್ಲಿ ಕಥೆ ಅವರಿಗಿಂತ ಮುಂಚೆ ಬಂದು ಕೂತಿತ್ತು. ಚಹಾದಂಗಡಿಯಲ್ಲಿ ಒಬ್ಬರು ಹಾರುವ ತಟ್ಟೆ ಎಂದರೆ ಇನ್ನೊಬ್ಬರು ಅಧಿಕಾರಿಗಳ ಕೈಯಿಂದ ದುಡ್ಡು ತಿಂದಿದ್ದಾನೆ ಎಂದರು. ಪದ್ಮಮ್ಮ ನೆನೆಸಿಕೊಳ್ಳುತ್ತಾರೆ: "ಮಾರ್ಕೆಟ್ಟಿಗೆ ಹೋದ್ರೆ ಸೊಪ್ಪಿನೋಳು ಕೇಳೋಳು, 'ಅಕ್ಕ, ನಿಮ್ಮೋರು ಎಷ್ಟು ದೆವ್ವ ನೋಡಿದಾರೆ' ಅಂತ. ಇವ್ರು ಯಾರಿಗೂ ಉತ್ರ ಕೊಡ್ತಿರ್ಲಿಲ್ಲ. ರಾತ್ರಿ ಊಟ ಬಿಡೋರು, ಅಷ್ಟೆ." ಸೆಕ್ಯುರಿಟಿ ಕೆಲಸ ಸಿಕ್ಕಿತ್ತು, ಬಿಟ್ಟರು. ಸುಮ್ಮನೆ ಕೂತರೆ ಆ ಸಂಜೆ ಮತ್ತೆ ಹತ್ತಿರ ಬರುತ್ತದೆ ಎಂದು ಈ ಫೌಂಡ್ರಿ ಸೇರಿದರು. ಅಪ್ಪ ನಿಂತ ಬೆಂಕಿಯ ಮುಂದೆಯೇ ಮಗನೂ ನಿಂತಾಯಿತು. ಗೋವಿಂದಯ್ಯ ಹೇಳುವುದು ಕಡಿಮೆ: "ಇಷ್ಟು ವರ್ಷದಲ್ಲಿ ಇವ್ರ ಪಾಳಿಲಿ ಒಬ್ಬ ಹುಡುಗನಿಗೂ ಸುಟ್ಟಿಲ್ಲ. ಎಲ್ಲರೂ ದೂರ ಸರಿಯೋ ತನಕ ಕೈ ಎತ್ತಲ್ಲ."

ಈಗೀಗ ಮೊಬೈಲ್ ಹಿಡಿದ ಯೂಟ್ಯೂಬಿನವರು ಬರುತ್ತಾರೆ. ಆಕಾಶದಿಂದ ಬಂದವರು ಎಂದು ಒಂದು ಮಾತು ಹೇಳಿಬಿಡಿ ಅಂಕಲ್, ಲಕ್ಷ ಜನ ನೋಡುತ್ತಾರೆ ಎನ್ನುತ್ತಾರೆ. ಕಾಂತರಾಜ್ ಅವರಿಗೆ ಚಹಾ ತರಿಸಿ, ಗೊತ್ತಿಲ್ಲ ಎಂದು ಕಳಿಸುತ್ತಾರೆ.

ಹೊನ್ನಯ್ಯ ತಮ್ಮ ಹೊಲದ ಅಂಚಿನಲ್ಲಿ, ರಸ್ತೆಗೆ ಕಾಣುವಂತೆ ಒಂದು ಕಲ್ಲು ನಿಲ್ಲಿಸಿದರು. ಅದರ ಮೇಲೆ ಮಗನ ಹೆಸರಿನ ಹಿಂದೆ 'ವೀರಯೋಧ' ಎಂದು ತಾವೇ ಕೆತ್ತಿಸಿದರು. ಯಾರೂ ಆಕ್ಷೇಪಿಸಲಿಲ್ಲ. ಆರು ವರ್ಷದ ಹಿಂದೆ ಅವರು ತೀರಿಕೊಂಡಾಗ ಕಾಂತರಾಜ್ ಹೋದರು. ಅಂಗಳಕ್ಕೆ ಕಾಲಿಡುವ ಧೈರ್ಯವಾಗದೆ, ರಸ್ತೆಯಾಚೆ ಚಪ್ಪಲಿ ಬಿಟ್ಟು ನಿಂತು, ಹೆಣ ಎತ್ತಿದ ಮೇಲೆ ಬಸ್ಸು ಹತ್ತಿದರು.

ಅವರು ಅಲ್ಲಿ ನಿಂತದ್ದನ್ನು ಒಬ್ಬರು ನೋಡಿದ್ದರು. ರೂಪೇಶನ ಹೆಂಡತಿ ಪ್ರಿಯದರ್ಶಿನಿ. ಶಿವಮೊಗ್ಗದ ವಿನೋಬನಗರದಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿ ನಡೆಸುತ್ತಾರೆ. ಮಾವನ ತಿಥಿ ಕಳೆದ ಮೇಲೆ ಒಂದು ದಿನ ಅವರು ಫೌಂಡ್ರಿಯ ಬಾಗಿಲಿಗೆ ಬಂದು ನಿಂತರು. ಕಾಂತರಾಜ್ ಕೈಯ ಕೊಕ್ಕೆ ಕೆಳಗಿಟ್ಟು ಹೊರಗೆ ಬಂದರು. ಕೂರಲು ಜಾಗವಿರಲಿಲ್ಲ, ಖಾಲಿ ಅಚ್ಚಿನ ಪೆಟ್ಟಿಗೆಗಳ ಮೇಲೆ ಕೂತರು. "ಮೊದ್ಲಿಂದ ಹೇಳಿ" ಎಂದರು ಆಕೆ. ಇವರು ಹೇಳಿದರು.

ಆ ದಿನದ ಬಗ್ಗೆ ನಾನು ಅಂಗಡಿಯಲ್ಲಿ ಕೇಳಿದಾಗ ಪ್ರಿಯದರ್ಶಿನಿ ಹೊಲಿಗೆ ನಿಲ್ಲಿಸಲಿಲ್ಲ. ಒಂದು ತೋಳು ಮುಗಿದ ಮೇಲೆ ಹೇಳಿದರು: "ಅವ್ರು ಒಂದು ಮಾತು ಹೇಳಿದ್ರೆ ನಮ್ಮ ಮಾವ ನೆಮ್ಮದಿಯಾಗಿ ಸಾಯ್ತಿದ್ರು. ಅದು ಅವ್ರಿಗೂ ಗೊತ್ತು. ಹೇಳದೇ ಇದ್ದಿದ್ದು ಸರಿ ಅಂತ ನನಗೂ ಗೊತ್ತು. ಎರಡೂ ಒಟ್ಟಿಗೇ ಇದೆ ನನ್ನೊಳಗೆ. ಕ್ಷಮಿಸಿದೀನಾ ಅಂತ ಕೇಳ್ಬೇಡಿ."

ಆದರೂ ವರ್ಷಕ್ಕೊಮ್ಮೆ, ರೂಪೇಶ್ ತೀರಿಕೊಂಡ ತಿಂಗಳಲ್ಲಿ, ಮಗಳು ರಕ್ಷಾಳನ್ನು ಭದ್ರಾವತಿಗೆ ಕರೆದುಕೊಂಡು ಬರುತ್ತಾರೆ. ಪದ್ಮಮ್ಮ ಅಕ್ಕಿರೊಟ್ಟಿ ತಟ್ಟುತ್ತಾರೆ. ಅಪ್ಪನನ್ನು ನೋಡದೆ ಹುಟ್ಟಿದ ಹುಡುಗಿ ಹೈಸ್ಕೂಲಿನಲ್ಲಿದ್ದಾಳೆ. ಮೊದಲ ವರ್ಷ ಬೆಳಕಿನ ವಿಷಯ ಕೇಳಿದಳಂತೆ. ಈಗ ಕೇಳುವುದಿಲ್ಲ. ಅಪ್ಪ ಅಡುಗೆ ಮಾಡುತ್ತಿದ್ದರಾ, ಜೋರಾಗಿ ನಗುತ್ತಿದ್ದರಾ, ಕೋಪ ಬಂದರೆ ಏನು ಮಾಡುತ್ತಿದ್ದರು ಎಂದು ಕೇಳುತ್ತಾಳೆ. "ಸಾರಿಗೆ ಉಪ್ಪು ಮರೀತಿದ್ದ ಅಂದೆ. ಅವ್ರಮ್ಮ ಹೌದು ಅಂತ ತಲೆ ಆಡ್ಸಿದ್ರು. ಆ ವಿಷ್ಯಕ್ಕಾದ್ರೂ ನಾನು ಸರಿಯಾದ ಸಾಕ್ಷಿ" ಎನ್ನುವಾಗ ಕಾಂತರಾಜರ ದನಿ ತುಸು ಸಡಿಲವಾಗುತ್ತದೆ.

ಎರಡನೆಯ ಎರಕಕ್ಕೆ ಹೊತ್ತಾಗುತ್ತಿದೆ. ಹೊರಡುವ ಮುನ್ನ ಕೇಳುತ್ತೇನೆ: ಅದು ಏನಾಗಿತ್ತೆಂದು ಈಗಲೂ ತಿಳಿಯಬೇಕೆನಿಸುತ್ತದೆಯೇ? ಅವರು ಕೈಗವಸು ಹಾಕಿಕೊಳ್ಳುತ್ತಾರೆ.

"ಬೇಡ ಅನ್ನಲ್ಲ. ಯಾವತ್ತಾದ್ರೂ ಯಾರಿಗಾದ್ರೂ ಗೊತ್ತಾದ್ರೆ, ಮೊದ್ಲು ಆ ಹುಡುಗಿಗೆ ಹೇಳ್ಲಿ. ನನಗೆ ಆಮೇಲೆ ಹೇಳಿದ್ರೂ ನಡೆಯುತ್ತೆ. ಹೇಳದೇ ಇದ್ರೂ ನಡೆಯುತ್ತೆ."